ಅಳತೆ ತೆಗೆಯದ ಏಪ್ರನ್

ನಲವತ್ತೊಂದು ವರ್ಷ ನಡೆದು, ಸೇರುವ ಮಕ್ಕಳಿಲ್ಲದೆ ಮುಚ್ಚಿಹೋದ ವೃತ್ತಿಶಿಕ್ಷಣ ಪ್ರೌಢಶಾಲೆಯ ಇತಿಹಾಸದಲ್ಲಿ ಇನ್ನು ಒಂದೇ ಪುಟ ಬಾಕಿಯಿತ್ತು. ಹಳೆಯ ವಿದ್ಯಾರ್ಥಿಗಳ ಸಂಘ ಆ ಇತಿಹಾಸ ಬರೆಯುವ ಕೆಲಸವನ್ನು ಹೊಲಿಗೆ ವಿಭಾಗದ ಕೊನೆಯ ಬ್ಯಾಚಿನ ಒಬ್ಬ ಹುಡುಗಿಗೆ ಒಪ್ಪಿಸಿತ್ತು. ಪುಟ ಮುಗಿದರೆ, ಶಾಲೆಯ ನೆನಪು ಹೇಳಲು ಬರುತ್ತಿದ್ದ ಟರ್ನರ್ ಹುಡುಗ ನಾಳೆಯಿಂದ ಬರುವುದಿಲ್ಲ. ಅದಕ್ಕೇ ಅವಳು ಶಾಲೆಯ ಖಾಲಿ ಕೋಣೆಯಲ್ಲಿ ಬೆಳಗಿನಿಂದ ಪೆನ್ನಿನ ಕ್ಯಾಪು ತೆಗೆಯುತ್ತ, ಹಾಕುತ್ತ ಕೂತಿದ್ದಳು.

ಅವನು ಅದೇ ಬ್ಯಾಚಿನವನು, ಲೇತ್ ವಿಭಾಗದಲ್ಲಿ ಲೋಹ ಕಡೆಯಲು ಕಲಿತವನು. ಮೂರು ವಾರದಿಂದ ಕಾರ್ಖಾನೆಯ ಶಿಫ್ಟ್ ಮುಗಿಸಿ ನಾಲ್ಕಕ್ಕೆ ಸರಿಯಾಗಿ ಹಾಜರ್. ಶಾಲೆಯ ಹಳೇ ಕಥೆಗಳನ್ನೆಲ್ಲ ಹೇಳಿ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎಂಬಂತೆ ಕೂರುವ ಇವಳಿಂದ ನಾಲ್ಕು ಮಾತು ಹೊರಡಿಸುವಷ್ಟರಲ್ಲಿ ಸುಸ್ತಾಗುತ್ತಿದ್ದ.

ಇವತ್ತು ಖಾಕಿ ಏಪ್ರನ್ ಒಂದನ್ನು ಹಿಡಿದು ಬಂದ.

"ಇದರ ಬಗ್ಗೆ ಬರೆದ್ರಾ?"

ಇಲ್ಲವೆಂದು ಅವಳು ತಲೆಯಾಡಿಸಿದಳು. ಕೊನೆಯ ಪರೀಕ್ಷೆಗೆ ಹೊಲಿಗೆಯ ಪ್ರತಿ ಹುಡುಗಿಯೂ ಲೇತ್‌ನಲ್ಲಿ ತನ್ನದೇ ರೋಲ್ ನಂಬರಿನ ಹುಡುಗನ ಅಳತೆ ತೆಗೆದು ಏಪ್ರನ್ ಹೊಲಿಯಬೇಕಿತ್ತು. ಅದು ಆ ಶಾಲೆಯ ಪದ್ಧತಿ.

"ಎಲ್ಲರ ಹತ್ರಾನೂ ಹುಡುಗೀರು ಟೇಪ್ ಹಿಡ್ಕೊಂಡು ಬಂದ್ರು. ನಾನು ಮಾತ್ರ ತಲೆ ಬಾಚ್ಕೊಂಡು ಹನ್ನೊಂದು ದಿನ ಕಾದೆ ರೀ. ಬಂದಿದ್ದು ಬರೀ ಏಪ್ರನ್ನು, ಮೇಲೆ ಹದಿನೇಳು ಅನ್ನೋ ನಂಬರು! ಹೊಲಿದವಳು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನೋಡಿ, ಇದರೊಳಗೆ ನನ್ನಂಥವರು ಇಬ್ಬರು ಹಿಡೀತಾರೆ."

"ಆ ಹದಿನೇಳನೇ ನಂಬರು... ನಾನೇ."

"ಅಯ್ಯೋ! ಮತ್ತೆ ಅಳತೆ?"

"ಟೇಪ್ ಹಿಡ್ಕೊಂಡು ಬರೋಕೆ ನಾಚಿಕೆ ಆಯ್ತು. ಕಿಟಕಿಯಿಂದ ನೋಡಿ ಅಂದಾಜು ಮಾಡ್ದೆ. ಹನ್ನೊಂದೂ ದಿನ."

"ಅಷ್ಟು ನೋಡಿಯೂ ಇಷ್ಟು ದೊಡ್ಡದಾ?"

"ನನ್ನ ಕಣ್ಣಿಗೆ ಹಾಗೇ ಕಂಡ್ರಿ."

ಮಾತಿನ ಮಲ್ಲ ಏಪ್ರನ್ನನ್ನು ಮಡಿಸತೊಡಗಿದ. ಕಿವಿ ಕೆಂಪಾಗಿತ್ತು.

ಬಾಗಿಲಲ್ಲಿ ಜವಾನ ಅಜ್ಜ ಇಣುಕಿದ. "ಏನವ್ವಾ, ನೀವು ಹೊರಗೆ ಬಂದ್ಮೇಲೆ ಬೀಗ ಹಾಕ್ಲಾ, ಇಲ್ಲಾ ಒಳಗಿರುವಾಗ್ಲೇ ಹಾಕ್ಲಾ?"

"ಐದು ನಿಮಿಷ, ಅಜ್ಜ!"

ಅವಳು ಬಗ್ಗಿ, ಏಪ್ರನ್ನಿನ ಪದ್ಧತಿಯನ್ನು ಒಂದೇ ಉಸಿರಿಗೆ ಬರೆದು ಮುಗಿಸಿದಳು. ಅವನ ಮುಖ ಬಾಡಿತು.

"ಮುಗೀತು ಅನ್ನಿ. ನಾಳೆಯಿಂದ ನನಗಿಲ್ಲಿ ಕೆಲಸ ಇಲ್ಲ."

"ಬನ್ನಿ."

"ಇತಿಹಾಸ ಮುಗೀತಲ್ಲ?"

"ಇತಿಹಾಸಕ್ಕಲ್ಲ. ನನ್ನನ್ನ ನೋಡೋಕೆ. ಮನೆಗೆ."

ಆಡಿದವಳು ತಾನೇ ಎಂದು ನಂಬಲಾಗದೆ ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಅವನ ನಗು ಮಾತ್ರ ಮೀಸೆಯಡಿ ನಿಲ್ಲದೆ ಮುಖದ ತುಂಬ ಹರಡಿತು.

"ಬರ್ತೀನಿ. ಆದ್ರೆ ಬಾಗಿಲು ತೆಗೆಯೋದು ನಿಮ್ಮಮ್ಮ ಆದ್ರೆ? ಯಾರು ಅಂತ ಹೇಳ್ಕೊಳ್ಳಲಿ?"

"ಏನೂ ಹೇಳ್ಬೇಡಿ," ಎಂದಳು ಅವಳು, ತಲೆಯೆತ್ತದೆ. "ನಾನು ಹೇಳಿ ಆಗ್ಲೇ ಮೂರು ವಾರ ಆಯ್ತು."