ಮೊದಲೇ ಒರೆಸಿಟ್ಟ ಬೆಂಚುಗಳು

ಆ ದಿನವೂ ಅವಳಿಗಿಂತ ಮೊದಲು ಯಾರೋ ಬೆಂಚುಗಳನ್ನು ಒರೆಸಿ ಹೋಗಿದ್ದರು.

ಒದ್ದೆ ಬಟ್ಟೆ ಹಿಡಿದು ಅವಳು ಚಾಪೆಲ್ ಬಾಗಿಲಲ್ಲೇ ನಿಂತಳು. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಅವಳು ಹೆದರಿದಳು. ಈ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸಿಕ್ಕಿದ್ದ ಫೀಸ್ ರಿಯಾಯಿತಿಗೆ ಒಂದೇ ಷರತ್ತು: ಕ್ಲಾಸಿಗೆ ಮೊದಲು ಚಾಪೆಲ್ ಒರೆಸಬೇಕು, ಅವಳೇ ಒರೆಸಬೇಕು. ರಿಯಾಯಿತಿ ಹೋದರೆ ಗಂಟುಮೂಟೆ ಕಟ್ಟುವುದೊಂದೇ ದಾರಿ.

"ಯಾರೋ ನನ್ನ ಜಾಗಕ್ಕೆ ಕಣ್ಣು ಹಾಕಿದ್ದಾರೆ ಕಣೇ," ಎಂದಳು ಹಾಸ್ಟೆಲ್ ಗೆಳತಿಗೆ.

"ಒರೆಸೋ ಕೆಲಸಕ್ಕೂ ಕಾಂಪಿಟಿಶನ್ನಾ? ಮಹರಾಯ್ತಿ, ಪುಕ್ಕಟೆ ಸಿಕ್ಕಿದ್ರೂ ಅನುಮಾನ ನಿಂಗೆ!"

"ಪುಕ್ಕಟೆ ಸಿಕ್ಕಿದ್ದಕ್ಕೇ ಅನುಮಾನ."

ಮರುದಿನ ಬೆಳಕು ಹರಿಯುವಾಗಲೇ ಬಂದು ಕಂಬದ ಮರೆಯಲ್ಲಿ ನಿಂತಳು. ಬಂದವನು ಪ್ರಾರ್ಥನೆಗೆ ಕೀಬೋರ್ಡ್ ನುಡಿಸುವ ಹುಡುಗ. ದಿನಾ ಮೂಲೆಯಲ್ಲಿ ಅಭ್ಯಾಸ ಮಾಡುತ್ತಾ, ಅವಳು ತಲೆ ಎತ್ತಿದರೆ ಸಾಕು, ತಪ್ಪು ಸ್ವರ ಒತ್ತುತ್ತಿದ್ದವನು. ಈಗ ಶರ್ಟಿನ ತೋಳು ಮಡಚಿ, ಮಗುವಿನ ಮುಖ ಒರೆಸುವಷ್ಟು ನಾಜೂಕಾಗಿ ಬೆಂಚು ಒರೆಸುತ್ತಿದ್ದ. ಬಣ್ಣದ ಗಾಜಿನಿಂದ ಇಳಿದ ಬೆಳಕು ಅವನ ಮೊಣಕೈ ಮೇಲೆ ನೀಲಿಯಾಗಿ ಬಿದ್ದಿತ್ತು. ಚೆಂದ ಕಾಣುತ್ತಿದ್ದ. ಅದೂ ಅವಳಿಗೆ ಅನುಮಾನವೇ.

"ಯಾರು ಕಳಿಸಿದ್ರು ನಿಮ್ಮನ್ನ?"

ಅವನು ಬೆಚ್ಚಿ ತಿರುಗಿದ. "ಯಾರೂ ಇಲ್ಲ ರೀ..."

"ಫುಲ್ ಫೀಸ್ ಕಟ್ಟೋರಿಗೆ ನನ್ನ ರಿಯಾಯಿತಿ ಮೇಲೂ ಆಸೆನಾ?"

"ರಿಯಾಯಿತಿನಾ?" ಅವನ ಮುಖ ಬಿಳಿಚಿಕೊಂಡಿತು. "ನೀವು ಭಕ್ತಿಯಿಂದ ಮಾಡ್ತೀರ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಚಾಪೆಲ್ ನೋಡಿಕೊಳ್ಳುವ ಸಿಸ್ಟರ್ ಒಳಬಂದರು. ಅವನ ಕೈಯ ಬಟ್ಟೆ ನೋಡಿದರು, ಅವಳ ಖಾಲಿ ಕೈ ನೋಡಿದರು.

"ಇದು ಯಾರ ಕೆಲಸ?"

ಇವನು 'ದಿನಾ ನಾನೇ' ಎಂದುಬಿಟ್ಟರೆ ಅವಳ ರಿಯಾಯಿತಿ ಅಲ್ಲಿಗೆ ಮುಗಿಯಿತು.

"ಅವರದೇ, ಸಿಸ್ಟರ್. ನಾನು ಕದ್ದು ಮಾಡ್ತಿದ್ದೆ, ಅವರಿಗೆ ಗೊತ್ತೇ ಇರಲಿಲ್ಲ. ಯಾರನ್ನಾದ್ರೂ ತೆಗೀಬೇಕು ಅಂದ್ರೆ ನನ್ನನ್ನ ಕ್ವಾಯರ್ ತಂಡದಿಂದ ತೆಗೀರಿ."

"ಯಾಕಪ್ಪಾ ಮಾಡ್ದೆ?"

ಅವನ ಕಿವಿ ಕೆಂಪಾಯಿತು. "ಕೆಲಸ ಮುಗಿದಿದ್ರೆ... ಐದು ನಿಮಿಷ ಕೂತು ನಾನು ನುಡಿಸೋದು ಕೇಳ್ತಾರೇನೋ ಅಂತ."

ಸಿಸ್ಟರ್ ನಗು ನುಂಗಿಕೊಂಡರು. "ತಪ್ಪೊಪ್ಪಿಗೆ ಕೇಳೋಕೆ ಫಾದರ್ ಇದ್ದಾರೆ, ನಾನಲ್ಲ. ನಾಳೆಯಿಂದ ಬಟ್ಟೆ ಅವಳ ಕೈಲೇ ಇರ್ಬೇಕು. ಮಾತಾಡೋದಿದ್ರೆ ಹೊರಗೆ ಮೆಟ್ಟಿಲಿದೆ." ಅವಳತ್ತ ತಿರುಗಿ, "ನಿನ್ನ ರಿಯಾಯಿತಿಗೆ ಏನೂ ಆಗಲ್ಲಮ್ಮ," ಎಂದು ಹೊರಟರು.

ಅವಳು ಬಟ್ಟೆ ಕಿತ್ತುಕೊಂಡು ಉಳಿದ ಬೆಂಚುಗಳನ್ನು ತಾನೇ ಒರೆಸಿದಳು. ಅವನು ಕಾದು ನಿಂತಿದ್ದ.

"ಮೆಟ್ಟಿಲ ಹತ್ರ ಕೂತ್ಕೊಳ್ಳೋಣ್ವಾ?"

ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಅದನ್ನೂ ಒರೆಸಿಟ್ಟಿದ್ದೀರಾ?"

"ಅಯ್ಯೋ, ಇಲ್ಲ ರೀ. ಕೂತ್ರೆ ಬಟ್ಟೆ ಎಲ್ಲಾ ಧೂಳಾಗುತ್ತೆ."

"ಹಾಗಾದ್ರೆ ಅನುಮಾನ ಇಲ್ಲ, ಕೂತ್ಕೊಳ್ಳೋಣ," ಎಂದಳು.