ಕಾಂಚನ್ ಯಾರದು?

ರಮ್ಯಶ್ರೀ ಬಾಗಿಲು ದೂಡಿಕೊಂಡು ಬಂದ ರಭಸಕ್ಕೆ ಸುಜನ್ ಕುರ್ಚಿಯಿಂದ ಎದ್ದೇಬಿಟ್ಟ.

"ಹ್ವಾಯ್, ಎಂತಕ್ಕೆ ನನ್ನ ಮುಖ ಕಾಂಬುದಿಲ್ಲ ನೀವ್? ನಾ ಎಂತ ತಪ್ಪ್ ಮಾಡಿದೆ?"

ಅವನು ಪರದೆಯ ಕಡೆ ತಿರುಗಿದ.

ಕುಂದಾಪುರದ ಈ ವಧೂವರರ ಕೇಂದ್ರದಲ್ಲಿ ಕುಟುಂಬಗಳ ವಿವರ ತುಂಬಿಸುವವಳು ಅವಳು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೊಸ ಪ್ರೋಗ್ರಾಂ ಬರೆಯಲು ಬ್ರಹ್ಮಾವರದಿಂದ ದಿನಾ ಬರುವವನು, ಮುಂಬೈಯಲ್ಲಿ ಬೆಳೆದ ಸುಜನ್. ಬಂದವರು ತಮ್ಮ ಷರತ್ತನ್ನು ತಾವೇ ಟೈಪ್ ಮಾಡಿದರಾಯಿತು. ಪ್ರೋಗ್ರಾಂ ಅದನ್ನು ಆಗಲೇ ಓದಿ, ಒಬ್ಬೊಬ್ಬರ ವಿವರಕ್ಕೂ ಹಿಡಿದು ನೋಡಿ, ಹೌದು ಅಥವಾ ಇಲ್ಲ ಎನ್ನುತ್ತಿತ್ತು. ಅದನ್ನು ಅವಳಿಗೆ ತೋರಿಸುತ್ತಾ ಅವನು ನಗುತ್ತಿದ್ದ, ಅವಳ ಬುತ್ತಿಯ ಮೀನಿಗೆ ಕೈ ಹಾಕುತ್ತಿದ್ದ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮಾತು ಬಿಟ್ಟ!

"ನನ್ನ್ ಕಾಂಬುಕೆ ಬೈಂದೂರಿಂದ ಹುಡ್ಗನ್ ಮನೆಯೋರ್ ಹೊರ್ಟಾಯ್ತ್. ನಾ ಹೌದ್ ಅಂದ್ರೆ ಮುಗೀತ್. ಈಗ್ಲಾರೂ ಬಾಯ್ ಬಿಡಿ!"

'ಇವನಿಗೆ ನಾನು ಬೇಡವೇ ಆಗಿದ್ದರೆ...?'

ಸುಜನ್ ಕುಳಿತು ಟೈಪ್ ಮಾಡಿದ. ಹುಡುಗ ಹುಡುಗಿಯ 'ಬಳಿ', ಅಂದರೆ ವಂಶದ ಕವಲು, ಒಂದೇ ಆಗಿರಬಾರದು ಎಂಬ ಷರತ್ತು. ಕೆಳಗೆ ತನ್ನ ಹೆಸರು, ಅವಳ ಹೆಸರು.

'ಇಲ್ಲ' ಎಂದಿತು ಪರದೆ.

"ನಾನೂ ಕಾಂಚನ್, ನೀವೂ ಕಾಂಚನ್. ಅಣ್ಣ ತಂಗಿ ಆಯ್ತಲ್ಲ... ಹೆಂಗೆ ಹೇಳ್ಲಿ?"

ಅವರ ಸಮುದಾಯದಲ್ಲಿ ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಅವಳು ಪರದೆಯ ಮೇಲಿನ ಎರಡೂ ಹೆಸರನ್ನು ಮತ್ತೊಮ್ಮೆ ಓದಿದಳು. ಮರುಕ್ಷಣ ಏನೋ ಹೊಳೆಯಿತು.

"ಕಾಂಚನ್ ಯಾರ್ದ್? ನಿಮ್ಮ ಅಪ್ಪಯ್ಯಂದಾ?"

"ಹೌದು, ಅಪ್ಪಂದೇ ಅಲ್ವಾ ಬರೂದು? ಮುಂಬೈ ಶಾಲೆಯಲ್ಲಿ ಹಾಗೇ ಬರೆಸಿದ್ದು. ಪ್ರೋಗ್ರಾಮಲ್ಲೂ ಎಲ್ಲರ ಹೆಸರಿನ ಕೊನೆಗಿರೂದನ್ನೇ ಬಳಿ ಅಂತ ತಕ್ಕೊಂಡೆ."

"ಅಮ್ಮ?"

"ನಾನು ಸಣ್ಣವನಿರುವಾಗಲೇ ತೀರಿಕೊಂಡ್ರು. ಅವರ ಕಡೆಯವರು ಮೆಂಡನ್."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಅಯ್ಯೋ ಮಾರಾಯ್ರೆ! ಬಳಿ ಬಪ್ಪುದ್ ಅಮ್ಮನ್ ಕಡಿಂದ! ನನ್ನ ಅಮ್ಮ ಕಾಂಚನ್, ಅದ್ಕೆ ನಾ ಕಾಂಚನ್. ನೀವ್ ಮೆಂಡನ್! ಒಂದ್ ಮಾತ್ ಕೇಂಬುಕೆ ಎಂತಾಯ್ತ್ ನಿಮ್ಗೆ? ಅಪ್ಪನ್ ಬಳಿ ಬರ್ಸಿದ್ ಮುಂಬೈಯೋರ್ ಅರ್ಧ ಜನ್ರ ಮದಿ ತಪ್ಪಿಸ್ತಿದ್ರಿ ಅಲ್ದಾ!"

ಸುಜನ್ ಬೆಪ್ಪಾಗಿ ಕುಳಿತ. ತಾನೇ ಬರೆದದ್ದನ್ನು ನಂಬಿ, ಇವಳನ್ನು ಕಳೆದುಕೊಳ್ಳುತ್ತಿದ್ದನಲ್ಲ! ತನ್ನ ಬಳಿಯನ್ನು ತಿದ್ದಲು ಹೋದ. ಅವಳು ಅವನ ಕೈ ಹಿಡಿದಳು.

"ಅದ್ರ್ ಹತ್ರ ಕೇಂಬುದ್ ಬೇಡ. ನನ್ನ್ ಕೇಣಿ."

"ರಮ್ಯಾ... ನನ್ನ ಮದುವೆ ಆಗ್ತೀರಾ?"

"ಆತೆ!" ಅವಳು ಕಣ್ಣೊರೆಸಿಕೊಂಡಳು. "ಈಗ ಬನ್ನಿ. ಬೈಂದೂರೋರ್ ಬಪ್ಪುಕ್ ಮುಂಚೆ ಅಪ್ಪಯ್ಯನ್ ಎದುರ್ ನಿಲ್ಕ್."

"ಎಂತ ಹೇಳ್ಲಿ ಅವರಿಗೆ?"

"ನೀವ್ ಎಂತದೂ ಹೇಳ್ಬೇಡಿ. ನನ್ನ ಬದಿಗೆ ನಿಂತ್ಕಣಿ... ನಾ ಹೇಳ್ತೆ."