ನೀನು, ನೀವು ಮತ್ತು ಒಂದು ಕೊಳಕು ಕಾಲುವೆ

"ಏ ಹುಡುಗಿ, ಮೂಗು ಮುಚ್ಕೊಂಡು ನಿಂತ್ರೆ ಕಾಲುವೆ ತಾನಾಗೇ ಚೊಕ್ಕ ಆಗುತ್ತಾ? ನೀನು ಆ ಚೀಲದ ಬಾಯಿ ಅಗಲ ಮಾಡಿ ಹಿಡಿ."

ಮುಹಯ್ಯೋ ತಿರುಗಿ ನೋಡಿದಳು. ಓಶ್ ಪೇಟೆಯ ಹಿಂದಿನ ಕಾಲುವೆಯಲ್ಲಿ, ಮೊಣಕಾಲುದ್ದದ ಕೆಸರಲ್ಲಿ ಅಪರಿಚಿತನೊಬ್ಬ ನಿಂತಿದ್ದ. ಕೊಳೆತ ಕುರಿಕರುಳಿನ ಗಂಟನ್ನು ಬರಿಗೈಯಲ್ಲಿ ಎತ್ತಿ ಹಿಡಿದಿದ್ದ. ಯಾವ ಪುಣ್ಯಾತ್ಮ ಹೊಟ್ಟೆ ಬಿರಿಯ ಉಂಡು ಅದನ್ನು ನೀರಿಗೆಸೆದಿದ್ದನೋ... ಗಬ್ಬು ವಾಸನೆಗೆ ಅವಳು ಮೂಗನ್ನು ಇನ್ನಷ್ಟು ಒತ್ತಿ ಹಿಡಿದಳು.

ಆದರೆ ಕರುಳಿಗಿಂತ ಹೆಚ್ಚು ಹೇಸಿಗೆಯಾದದ್ದು ಆ 'ನೀನು'.

ಓಶ್ ಎಂದರೆ ತೊಟ್ಟಿಲ ಕೂಸಿಗೂ 'ನೀವು' ಎನ್ನುವ ಊರು. ಗಂಡ ಹೆಂಡತಿ ಸಾಯುವ ತನಕ ಒಬ್ಬರನ್ನೊಬ್ಬರು 'ನೀವು' ಎಂದೇ ಕರೆಯುವ ಊರು. ಅಲ್ಲಿ ಬಂದು, ಹೆಸರು ಕೇಳುವ ಮೊದಲೇ 'ನೀನು' ಅಂತೆ!

"ಯಾರು ಇವ್ರು?" ಎಂದು ಕಾಲುವೆ ಸಂಘದ ಹಿರಿಯಕ್ಕ ಜುಲೇಖಾ ಅಪಾರನ್ನು ಕೇಳಿದಳು.

"ಎರ್ಮೆಕ್. ಬೆಟ್ಟದಾಚೆ ತಲಾಸ್ ಊರಿನ ಶಾಖೆಯವ್ರು. ಈ ವರ್ಷ ನಮಗೆ ಅವರೇ ಜೋಡಿ."

ಕಾಲುವೆ ಕಾಯುವ ಸ್ವಯಂಸೇವಕರ ಸಂಘಕ್ಕೆ ಊರೂರಲ್ಲಿ ಶಾಖೆಗಳಿದ್ದವು. ಒಬ್ಬರ ಅನುಭವ ಇನ್ನೊಬ್ಬರಿಗಾಗಲಿ ಎಂದು ಈ ಸಲ ಎರಡೆರಡು ಶಾಖೆಗಳನ್ನು ಜೋಡಿ ಮಾಡಿದ್ದರು. ತಲಾಸಿನವರು ಹಳೇ ಕಬ್ಬಿಣದ ಮಂಚದ ಜಾಲರಿಯನ್ನು ಕಾಲುವೆಗೆ ಅಡ್ಡ ಕಟ್ಟಿ ಕಸ ಹಿಡಿಯುವುದರಲ್ಲಿ ಪಳಗಿದವರು. ಓಶಿನವರು ಕಸ ಎಸೆಯುವ ಮನೆಯ ಬಾಗಿಲು ತಟ್ಟಿ, ಎಸೆದವರೇ ನಾಚಿ ಸಾಯುವಷ್ಟು ಮರ್ಯಾದೆಯಿಂದ ಮಾತಾಡುವವರು.

"ಅಪಾ, ನೀನು ಆ ಕಲ್ಲಿನ ಮೇಲೆ ಕೂತ್ಕೋ. ನಿನ್ನ ಸೊಂಟ ಹಿಡ್ಕೊಂಡಿದೆ, ನೋಡಿದ್ರೇ ಗೊತ್ತಾಗುತ್ತೆ," ಎಂದ ಎರ್ಮೆಕ್, ತನ್ನ ಕೋಟನ್ನು ಕಲ್ಲಿನ ಮೇಲೆ ಹಾಸುತ್ತ.

ಅಪಾರಿಗೂ ನೀನು! ಮುಹಯ್ಯೋಗೆ ಮೈಯೆಲ್ಲ ಉರಿಯಿತು. ಹಾಸಿದ ಕೋಟು ಅವಳ ಕಣ್ಣಿಗೆ ಬಿತ್ತು, ಬೀಳಲಿಲ್ಲ ಅಂತಲ್ಲ. ಆದರೆ ಆ 'ನೀನು' ಕೇಳಿ ಕಿವಿ ಕೆಟ್ಟಿತ್ತಲ್ಲ. ತಾನು ಮಾತ್ರ 'ಹಿಡಿದಿದ್ದೀನಿ, ನೀವು ಹಾಕಿ' ಎಂದು ಮರ್ಯಾದೆಯಿಂದಲೇ ಚೀಲ ಒಡ್ಡಿದಳು.

ಮುಂದಿನ ದಿನಗಳಲ್ಲಿ ಡೈಪರ್‌ಗಳು, ಹುಳು ಬಿದ್ದ ಬೆಕ್ಕು, ಹಳಸಿದ ಅನ್ನ, ಎಲ್ಲವನ್ನೂ ಅವನು ಮುಖ ಸಿಂಡರಿಸದೆ ಎತ್ತಿದ. ಅವಳು ವಾಕರಿಸಿದಾಗಲೆಲ್ಲ ವಾಸನೆ ಅವಳ ಕಡೆ ಬೀಸದಂತೆ ಅಡ್ಡ ನಿಲ್ಲುತ್ತಿದ್ದ. ಇವನು ಇಷ್ಟು ಒಳ್ಳೆಯವನಾಗಿದ್ದೂ ಬಾಯಿ ಯಾಕೆ ಇಷ್ಟು ಕೊಳಕು... ಎಂದುಕೊಳ್ಳುತ್ತಿದ್ದಳು. ಮನಸ್ಸು ಅವನ ಕಡೆ ವಾಲಿದಷ್ಟೂ ತನ್ನ ಮೇಲೇ ಅವಳಿಗೆ ಅಸಹ್ಯವಾಗುತ್ತಿತ್ತು.

ಕೊನೆಯ ದಿನ ಅವಳ ಮನೆಯಲ್ಲಿ ಚಹಾ. ಅವಳ ಅಪ್ಪ ಬಟ್ಟಲು ನೀಡಿದರು.

"ಮೊದಲು ನೀನು ಕುಡಿ, ನೀನು ದೊಡ್ಡವನು," ಎಂದ ಎರ್ಮೆಕ್.

ಅಪ್ಪನ ಕೈ ಅಲ್ಲೇ ನಿಂತಿತು. ಚಹಾ ಮುಗಿಸಿ ಹೊರಟ ಎರ್ಮೆಕ್‌ನ ಹಿಂದೆಯೇ ಮುಹಯ್ಯೋ ಅಂಗಳಕ್ಕೆ ನಡೆದಳು.

"ನೀವು ಇನ್ನೊಂದ್ಸಲ ನಮ್ಮೂರಿಗೆ ಬರಬೇಡಿ. ಕಾಲುವೆಯ ಹೊಲಸು ತೊಳೆದ್ರೆ ಹೋಗುತ್ತೆ. ನಿಮ್ಮ ನಾಲಿಗೆದು ಹೋಗಲ್ಲ. ತಲಾಸಲ್ಲಿ ಆಗೋ ಸಂಘದ ಸಭೆಯಲ್ಲಿ ಈ ಜೋಡಿ ಬಿಡಿಸಿ ಅಂತ ನಾನೇ ಹೇಳ್ತೀನಿ."

ಅವನ ಮುಖ ಸಪ್ಪಗಾಯಿತು. "ನೀನು ನನ್ನ ಕಂಡ್ರೆ ಎಷ್ಟು ಹೇಸ್ತೀಯ ಅಂತ ಮೊದಲ ದಿನಾನೇ ಗೊತ್ತಾಯ್ತು," ಎಂದಷ್ಟೇ ಹೇಳಿ ಹೋದ.

ಮೊದಲ ದಿನವೇ? ಅವತ್ತು ತಾನು ಕೆಟ್ಟದ್ದೇನೂ ಅಂದಿರಲಿಲ್ಲವಲ್ಲ...

ಶರತ್ಕಾಲದಲ್ಲಿ ಓಶಿನವರು ಸಭೆಗೆಂದು ತಲಾಸಿಗೆ ಹೋದರು. ಮುಹಯ್ಯೋ ಮತ್ತು ಅಪಾರಿಗೆ ಎರ್ಮೆಕ್‌ನ ಮನೆಯಲ್ಲೇ ಬಿಡಾರ. ಅವನು ಕೆಲಸದ ನೆಪ ಹೇಳಿ ಕಣ್ತಪ್ಪಿಸಿಕೊಂಡಿದ್ದ.

ಊಟದ ಹೊತ್ತಿಗೆ ಅವನ ಅತ್ತಿಗೆ ಬಂದು ಮನೆಯ ಅಜ್ಜಿಗೆ ಹೇಳಿದಳು: "ಅಜ್ಜಿ, ನೀನು ಬಿಸಿ ಇರೋವಾಗ್ಲೇ ತಿನ್ನು, ಆಮೇಲೆ ಗೊಣಗ್ಬೇಡ." ಪಕ್ಕದ ಮನೆಯವರು ಬಂದು, ಊಟಕ್ಕೆ ಕೂತಿದ್ದ ಮಸೀದಿಯ ಮುದಿ ಇಮಾಮರಿಗೂ 'ನೀನು' ಎಂದರು. ಇಮಾಮರು ನಗುತ್ತ ರೊಟ್ಟಿ ಮುರಿದರು.

ಮುಹಯ್ಯೋಳ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಅಜ್ಜಿ... ನಿಮ್ಮಲ್ಲಿ ಯಾರಿಗೂ 'ನೀವು' ಅನ್ನಲ್ವಾ?"

"ಅಂತೀವಲ್ಲ ತಾಯಿ. ತೆರಿಗೆ ಕೇಳಕ್ಕೆ ಬಂದವನಿಗೆ, ಮನೆಯಿಂದ ಆಚೆ ಹಾಕ್ಬೇಕಾದವನಿಗೆ. ದೇವರನ್ನೇ 'ನೀನು' ಅಂತೀವಿ, ನಮ್ಮವರನ್ನ ಯಾಕೆ ದೂರ ತಳ್ಳೋಣ?" ಅಜ್ಜಿ ನಿಟ್ಟುಸಿರಿಟ್ಟಳು. "ಪಾಪ, ನಮ್ ಹುಡುಗ ನಿಮ್ಮೂರಿಂದ ಬಂದವನೇ ಊಟ ಬಿಟ್ಟ. 'ಅಜ್ಜಿ, ಆ ಹುಡುಗಿ ನನ್ನ ಮೊದಲ ದಿನದಿಂದ್ಲೂ ನೀವು, ನೀವು ಅಂದ್ಲು' ಅಂತ."

ಅವಳು ತುತ್ತನ್ನು ತಟ್ಟೆಗೆ ಮರಳಿ ಇಟ್ಟಳು. ಅಯ್ಯೋ, ನಾನು ಮರ್ಯಾದೆ ಅಂತ ಕೊಟ್ಟಿದ್ದೆಲ್ಲ ಅವನಿಗೆ ಕಪಾಳಕ್ಕೆ ಹೊಡೆದ ಹಾಗಿತ್ತಾ...

ಸಭೆ ಶುರುವಾಗುವ ಮುಂಚೆ ಅವಳು ಕಾಲುವೆಗೆ ಓಡಿದಳು. ಎರ್ಮೆಕ್ ದಂಡೆಯ ಒಂದು ಮನೆಯ ಬಾಗಿಲಲ್ಲಿ ನಿಂತು, ಓಶಿನವರ ಧಾಟಿಯಲ್ಲಿ ಮಾತಾಡಲು ತಡವರಿಸುತ್ತಿದ್ದ. "ಅಮ್ಮಾ, ನೀ... ನೀವು... ದಯವಿಟ್ಟು ನೀವು ಡೈಪರ್ ನೀರಿಗೆ ಹಾಕ್ಬೇಡಿ."

"ಏನೋ, ಹುಷಾರಿಲ್ವೇನೋ ನಿನಗೆ?" ಎಂದು ಆಕೆ ಬಾಗಿಲು ಹಾಕಿಕೊಂಡಳು.

ಮುಹಯ್ಯೋಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವಳನ್ನು ಕಂಡ ಎರ್ಮೆಕ್ ಕಾಲುವೆಗಿಳಿದು, ಜಾಲರಿಗೆ ಸಿಕ್ಕಿದ ಹೊಲಸಿಗೆ ಕೈ ಹಾಕಿದ.

"ನೀವು ದೂರ ನಿಲ್ಲಿ. ನಿಮಗೆ ವಾಕರಿಕೆ ಬರುತ್ತೆ," ಎಂದ, ಮುಖ ಎತ್ತದೆ.

ಆ 'ನೀವು' ಅವಳ ಎದೆಗೆ ಚುಚ್ಚಿತು. ಈಗ ಗೊತ್ತಾಯಿತು, ಅವನಿಗೆ ಎಷ್ಟು ನೋವಾಗಿರಬೇಕು ಎಂದು. ಅವಳು ಲಂಗ ಎತ್ತಿ ಕಟ್ಟಿ ಕೆಸರಿಗಿಳಿದಳು. ನಾತ ಮೂಗಿಗೆ ರಾಚಿತು. ಆದರೂ ಆ ಲೋಳೆಯೊಳಗೇ ತಡಕಾಡಿ ಅವನ ಕೈ ಹಿಡಿದಳು.

"ನಾನೇನು ತೆರಿಗೆ ಕೇಳಕ್ಕೆ ಬಂದಿದ್ದೀನಾ? ನೀನು... ನೀನು ನನ್ನ ಹಾಗೆ ಕರೀಬೇಡ, ಎರ್ಮೆಕ್."

ಅವನು ತಟ್ಟನೆ ಮುಖ ಎತ್ತಿದ. "ಏನಂದೆ?"

"'ನೀನು' ಅಂದೆ. ನಮ್ಮೂರಲ್ಲಿ ಜನ್ಮದಲ್ಲಿ ಯಾರಿಗೂ ಅಂದಿಲ್ಲ. ನಿನ್ನೊಬ್ಬನಿಗೇ."

ಅವನ ಕಣ್ಣು ತುಂಬಿತು. ಕೈ ಗಲೀಜಾಗಿತ್ತು, ಒರೆಸಿಕೊಳ್ಳಲಾಗಲಿಲ್ಲ. ದಂಡೆಯ ಮೇಲಿಂದ ಜುಲೇಖಾ ಅಪಾ ಕೂಗಿದರು: "ಮುಹಯ್ಯೋ, ಸಭೆ ಶುರುವಾಯ್ತು, ನೀವು ಹೇಳಿದ್ದರ ಬಗ್ಗೆ ಕೇಳ್ತಿದ್ದಾರೆ. ಜೋಡಿ ಬಿಡಿಸೋದಾ?"

"ಬೇಡ ಅಪಾ. ಇರಲಿ ಬಿಡಿ."

ಎರ್ಮೆಕ್ ತಗ್ಗಿದ ದನಿಯಲ್ಲಿ ಕೇಳಿದ, "ನಿಮ್ಮಪ್ಪನ ಹತ್ರ ಹೆಣ್ಣು ಕೇಳುವಾಗ ಏನಂತ ಕರೀಲಿ?"

"ಅವರಿಗೆ 'ನೀವು' ಅನ್ನು."

"ನಿನಗೆ?"

"ನನ್ನ ಏನಂತ ಕರೀಬೇಕು ಅಂತ ಮೊದಲ ದಿನಾನೇ ಸರಿಯಾಗಿ ಹೇಳಿದ್ದೆ ನೀನು."